ನೂರ ಹದಿಮೂರನೆಯ ಗುಪ್ಪೆ

ಐಸ್‌ಲ್ಯಾಂಡಿನ ಉತ್ತರಕ್ಕಿರುವ ನಮ್ಮ ಕಣಿವೆಯಲ್ಲಿ ಲಾಕಿ ಎಂದರೆ ಕಲ್ಲಿನ ಲಾಕಿ. ಪೂರ್ತಿ ಹೆಸರು ತೋರ್ಲಾಕುರ್. ಅದು ಚರ್ಚಿನ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಅರವತ್ತನಾಲ್ಕು ವರ್ಷ, ಮದುವೆಯಿಲ್ಲ, ಮಕ್ಕಳಿಲ್ಲ, ಹೊಳೆಯಾಚೆ ತಗಡು ಹೊದಿಸಿದ ಎರಡು ಕೋಣೆಯ ಮನೆ. ಅಪ್ಪ ಸತ್ತಾಗ ಹೊಲ, ಕುರಿ, ದೊಡ್ಡ ಮನೆ ಎಲ್ಲ ತಮ್ಮ ಸ್ನೋರ್ರಿಯ ಪಾಲಿಗೆ ಹೋಯಿತು. ಬೂದುಬಯಲಿನ ಮೇಲೆ ದಾರಿ ತೋರಿಸುವ ಕಲ್ಲಿನ ದಾರಿಗುಪ್ಪೆಗಳನ್ನು ಕಟ್ಟಿ ಕಾಯುವ ಕೆಲಸ ಲಾಕಿಯ ಪಾಲಿಗೆ ಬಂತು. ತಮ್ಮನಿಗೆ ಉಣ್ಣೆ, ಅಣ್ಣನಿಗೆ ಕಲ್ಲು ಎಂದು ಊರವರು ಆಡಿಕೊಂಡು ನಗುತ್ತಿದ್ದರು. ಲಾಕಿಯೂ ನಗುತ್ತಿದ್ದ. ಅವನೇ ಕೇಳಿ ಪಡೆದ ಪಾಲು ಅದು. ಕುರಿಯ ಹಿಂದೆ ಓಡುವುದು ಅವನ ಜಾಯಮಾನವಾಗಿರಲಿಲ್ಲ.

ಬೂದುಬಯಲು ಕಣಿವೆಯ ನೆತ್ತಿಯ ಮೇಲಿದೆ. ಮರವಿಲ್ಲ, ಮನೆಯಿಲ್ಲ, ಕರಿಮರಳು ಮತ್ತು ಕಲ್ಲು. ಮಧ್ಯದಲ್ಲೊಂದು ಗುಡಿಸಲು, ಒಂದು ಪಕ್ಕಕ್ಕೆ ಆಳವಾದ ಕಮರಿ. ಅದನ್ನು ದಾಟುವ ದಾರಿಗೆ ನೂರ ಹನ್ನೆರಡು ಕಲ್ಲುಗುಪ್ಪೆಗಳು, ಒಂದರಿಂದ ಇನ್ನೊಂದಕ್ಕೆ ಎಂಬತ್ತು ಹೆಜ್ಜೆ. ಬುಡ ಅಗಲ, ಸಂದಿಗೆಲ್ಲ ಬಿಗಿಯಾಗಿ ಚೂರುಕಲ್ಲಿನ ಬೆಣೆ, ಎದೆಮಟ್ಟಕ್ಕೆ ಒಂದು ಉದ್ದನೆಯ ಕಲ್ಲು ಹೊರಚಾಚಿರುತ್ತದೆ. ನಾವು ಅದಕ್ಕೆ ತೋರುಗಲ್ಲು ಎನ್ನುತ್ತೇವೆ. ಅದರ ಮೂತಿ ಯಾವ ಕಡೆಗೋ ಊರಿನತ್ತ ಮುಂದಿನ ಗುಪ್ಪೆ ಆ ಕಡೆಗೆ. ಮಂಜು ಇಳಿದರೆ ನಮ್ಮವರು ತೋರುಗಲ್ಲನ್ನು ಕೈಯಿಂದ ಸವರಿ ದಿಕ್ಕು ಹಿಡಿದು, ಹೆಜ್ಜೆ ಎಣಿಸಿಕೊಂಡು ಹೋಗಿಬಿಡುತ್ತಾರೆ. ದಾಟುವವನು ಗುಪ್ಪೆಯ ತಲೆಯ ಮೇಲೆ ಒಂದು ಹರಳುಕಲ್ಲು ಇಟ್ಟು ಹೋಗಬೇಕು. ಅದು ಕಲ್ಲಿಗೆ ಕೊಡುವ ಮರ್ಯಾದೆ. ಲಾಕಿಯ ಅಪ್ಪ ಇಬ್ಬರು ಮಕ್ಕಳಿಗೂ ಕಣ್ಣು ಕಟ್ಟಿ ಈ ವಿದ್ಯೆ ಕಲಿಸಿದ್ದ. "ಮಂಜಲ್ಲಿ ಕಾಲನ್ನೂ ನಂಬಬೇಡಿ, ಕಣ್ಣನ್ನೂ ನಂಬಬೇಡಿ. ಕಲ್ಲನ್ನ ನಂಬಿ," ಎನ್ನುತ್ತಿದ್ದ. ಅದನ್ನು ಪಾಲಿಸಿಕೊಂಡು ಬಂದವರಾರೂ ಬಯಲಿನ ಮೇಲೆ ಸತ್ತಿರಲಿಲ್ಲ.

ಈ ಬಯಲು ಪ್ರವಾಸಿಗಳ ಕಣ್ಣಿಗೆ ಬಿದ್ದದ್ದು ಈಚೆಗೆ. ನಮ್ಮ ದೇಶದಲ್ಲಿ ನೋಡಲೇಬೇಕಾದ ಹತ್ತು ತಾಣಗಳು ಎಂದು ಯಾರೋ ಪುಣ್ಯಾತ್ಮರು ಪಟ್ಟಿ ಮಾಡಿದರು. ಬಯಲಿನ ನಡಿಗೆ ಮತ್ತು ಕಮರಿಗೆ ಧುಮುಕುವ ಮುಸುಕಿನ ಜಲಪಾತ, ಎರಡೂ ಸೇರಿ ಏಳನೆಯ ತಾಣ. ಅಲ್ಲಿಂದ ಶುರುವಾಯಿತು ನೋಡಿ. ಹಳದಿ, ಕೆಂಪು, ನೀಲಿ ಅಂಗಿಗಳು, ಬೆನ್ನಿಗೆ ತಮ್ಮಷ್ಟೇ ಎತ್ತರದ ಚೀಲಗಳು. ಬರಲಿ, ಬೇಡ ಎಂದವರಾರು. ಆದರೆ ಬಂದವರಿಗೆಲ್ಲ ಕಲ್ಲಿನ ಮೇಲೆ ಕಲ್ಲಿಟ್ಟು ಫೋಟೋ ತೆಗೆಯುವ ಚಟ. ಮೊಣಕಾಲೆತ್ತರದ ಆಟದ ಗುಪ್ಪೆಗಳು ಬಯಲ ತುಂಬ ಎದ್ದವು. ಲಾಕಿ ಕಂಡದ್ದನ್ನೆಲ್ಲ ಬೂಟಿನಿಂದ ಒದ್ದು ಬೀಳಿಸುತ್ತ ಹೋಗುತ್ತಿದ್ದ.

"ಯಾಕೆ ಬೀಳಿಸ್ತೀರಿ, ಎಷ್ಟು ಚೆನ್ನಾಗಿತ್ತು," ಎಂದು ಒಬ್ಬ ಕೇಳಿದ್ದಕ್ಕೆ ಲಾಕಿ, "ನಿಮ್ಮೂರಿಗೆ ನಾನು ಬಂದು ರಸ್ತೆ ಮೇಲೆ ಮನಸ್ಸಿಗೆ ಬಂದ ಕಡೆ ಬಾಣದ ಗುರುತು ಬರೆದ್ರೆ ಸುಮ್ನಿರ್ತೀರಾ?" ಎಂದ. ಆಮೇಲೆ ಅದೇ ಮನುಷ್ಯನನ್ನು ಗುಡಿಸಲಿಗೆ ಕರೆದುಕೊಂಡು ಹೋಗಿ ಕಾಫಿ ಕಾಸಿಕೊಟ್ಟ. ಲಾಕಿಯ ಕೋಪ ಅಷ್ಟೇ.

ಆ ವರ್ಷದ ಜೂನಿನಲ್ಲಿ ಮರೈಕೆ ಬಂದಳು. ಹಾಲೆಂಡಿನವಳು, ಅರವತ್ತರ ಆಸುಪಾಸು, ಒಂಟಿ. ಗಂಡನೂ ತಾನೂ ಈ ಜಲಪಾತ ನೋಡಬೇಕೆಂದು ಹತ್ತು ವರ್ಷದಿಂದ ಯೋಜನೆ ಹಾಕಿದ್ದರಂತೆ. ಗಂಡ ಮಾರ್ಚಿನಲ್ಲಿ ತೀರಿಕೊಂಡ. ನಲವತ್ತೇಳನೆಯ ಗುಪ್ಪೆ ಬಿಟ್ಟು ಅರವತ್ತು ಹೆಜ್ಜೆ ಆಚೆ, ಕಮರಿಯ ಕಡೆಗೆ, ಆಕೆ ಕೂತು ಕಲ್ಲಿನ ಮೇಲೆ ಕಲ್ಲಿಡುತ್ತಿದ್ದಳು. ಇಟ್ಟದ್ದು ಉರುಳುತ್ತಿತ್ತು, ಮತ್ತೆ ಇಡುತ್ತಿದ್ದಳು. ಒದೆಯಲು ಹೋದ ಲಾಕಿ ಆಕೆಯ ಮುಖ ನೋಡಿ ಕಾಲು ಹಿಂದಕ್ಕೆಳೆದುಕೊಂಡ. ಅತ್ತು ಅತ್ತು ಊದಿಕೊಂಡಿದ್ದ ಮುಖ ಅದು.

"ಹಾಗಿಟ್ರೆ ನಿಲ್ಲಲ್ಲ," ಎಂದ ಲಾಕಿ, ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ.

"ಮತ್ತೆ ಹೇಗಿಡ್ಬೇಕು?"

ಅಲ್ಲೇ ತಪ್ಪಿದ್ದು. ಬೇರೆ ಯಾರೇ ಆಗಿದ್ದರೂ ಸಮಾಧಾನದ ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು. ಕಲ್ಲು ಕಟ್ಟುವವನಿಗೆ ಕಲ್ಲು ಕಟ್ಟುವುದು ಹೇಗೆ ಎಂದು ಕೇಳಿದರೆ ಮುಗಿಯಿತು. ಲಾಕಿ ಕೋಟು ಬಿಚ್ಚಿದ. ಬುಡಕ್ಕೆ ದೊಡ್ಡ ಕಲ್ಲು ಹೊರಳಿಸಿ ತಂದ, ಬೆಣೆ ಹೊಡೆಯುವುದು ತೋರಿಸಿದ. ಮಧ್ಯಾಹ್ನವಿಡೀ ಇಬ್ಬರೂ ಸೇರಿ ಕಟ್ಟಿದರು. ಬೆಣ್ಣೆ ಸವರಿದ ಒಣಮೀನು ಹಂಚಿಕೊಂಡು ತಿಂದರು. ಆಕೆ ಗಂಡನ ಕಥೆ ಹೇಳಿದಳು, ಲಾಕಿ ಅಪ್ಪನ ಕಥೆ ಹೇಳಿದ. ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಅಷ್ಟು ಹೊತ್ತು ಅವನ ಮಾತು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು, ಅದೇ ಕೊನೆ. ಕೊನೆಗೆ ಆಕೆ ಉದ್ದನೆಯ ಕಲ್ಲೊಂದನ್ನು ಆರಿಸಿ ತಂದು, "ಇದು ಜಲಪಾತದ ಕಡೆಗೆ ಇರಲಿ. ಅವನು ನೋಡ್ಲಿ," ಎಂದಳು. ಲಾಕಿಯ ಕೈ ಒಂದು ಕ್ಷಣ ತಡೆಯಿತು. ಹೋಗಲಿ, ಬೇಸಿಗೆಯಿಡೀ ಬಯಲಿನಾಚೆ ಮೇಯುವ ಕುರಿಗಳನ್ನು ಶರತ್ಕಾಲದಲ್ಲಿ ಇಳಿಸಲು ಜನ ಮೇಲೆ ಹೋಗುವ ಮುಂಚೆ ಬಿಚ್ಚಿಬಿಟ್ಟರಾಯಿತು ಎಂದುಕೊಂಡು ತೋರುಗಲ್ಲನ್ನು ಜಲಪಾತದ ಕಡೆಗೇ ಕೂರಿಸಿದ. ಜಲಪಾತಕ್ಕೂ ಆ ಗುಪ್ಪೆಗೂ ನಡುವೆ ಎಪ್ಪತ್ತು ಹೆಜ್ಜೆಗೆ ಕಮರಿಯ ಅಂಚು.

ಆಗಸ್ಟಿನಲ್ಲಿ ಮರೈಕೆಯಿಂದ ಒಂದು ಕಾರ್ಡು ಬಂತು. "ಅದು ಅಲ್ಲಿ ನಿಂತಿದೆ ಅಂತ ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತದೆ," ಎಂದು ಬರೆದಿದ್ದಳು. ಲಾಕಿ ಆ ವಾರ ಬಿಚ್ಚಬೇಕೆಂದೇ ಹೋಗಿದ್ದವನು ಗುಪ್ಪೆಯ ಮುಂದೆ ಸುಮ್ಮನೆ ಕೂತು, ಬುತ್ತಿ ತಿಂದು, ಇಳಿದು ಬಂದ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗೆಪಾಟಲು. ಆಟದ ಗುಪ್ಪೆ ಕಂಡರೆ ಉರಿದು ಬೀಳುವವನೇ ಒಬ್ಬಳ ಜೊತೆ ಕೂತು ಗುಪ್ಪೆ ಕಟ್ಟಿದ ಎಂದರೆ ಊರು ಬಿಟ್ಟೀತೇ.

ಭಾನುವಾರ ಭಾನುವಾರ ಲಾಕಿ ತಮ್ಮನ ಮನೆಗೆ ಕಾಫಿಗೆ ಹೋಗುವುದು ಮೂವತ್ತು ವರ್ಷದ ರೂಢಿ. ಸ್ನೋರ್ರಿಯ ಹೆಂಡತಿ ರಾನ್‌ವೇಗ್ ಕ್ಲೇನಾ ಎಂಬ ಕರಿದ ಸಿಹಿತಿಂಡಿ ತಟ್ಟೆ ತುಂಬ ಇಡುತ್ತಿದ್ದಳು. ಕಾರ್ಡು ಬಂದ ಸುದ್ದಿ ಅಂಚೆಯ ತೂರಿಯ ಬಾಯಿಂದ ಆ ಮನೆಗೆ ಲಾಕಿಗಿಂತ ಮುಂಚೆ ಮುಟ್ಟಿತ್ತು.

"ಏನು ಲಾಕಿ, ಹಾಲೆಂಡಿಂದ ಕಾಗದ ಬರ್ತಿದ್ಯಂತೆ," ಎಂದ ಸ್ನೋರ್ರಿ.

"ಕಾಗದ ಅಲ್ಲ, ಕಾರ್ಡು."

"ಕಾರ್ಡಾದ್ರೆ ಇನ್ನೂ ಧೈರ್ಯ. ಊರೆಲ್ಲ ಓದ್ಲಿ ಅಂತ."

"ಬಿಡು ಅವನನ್ನ," ಎಂದಳು ರಾನ್‌ವೇಗ್. "ಅವನ ಕಿವಿ ನೋಡು, ಹೇಗೆ ಕೆಂಪಾಗಿದೆ."

"ಕೆಂಪಾಗ್ಲಿ. ಅರವತ್ತು ವರ್ಷದಿಂದ ಒಣಗಿದ್ದ ಕಿವಿ," ಎಂದು ಸ್ನೋರ್ರಿ ಅಣ್ಣನ ಬೆನ್ನಿಗೆ ಗುದ್ದಿ, ತನ್ನ ತಟ್ಟೆಯ ಕೊನೆಯ ಕ್ಲೇನಾ ಅವನ ಬಟ್ಟಲಿಗೆ ಹಾಕಿದ. ಸ್ನೋರ್ರಿ ಹಾಗೆಯೇ. ಅವನು ಇದ್ದ ಕಡೆ ಗಲಾಟೆ.

ಸೆಪ್ಟೆಂಬರಿನಲ್ಲಿ ಕುರಿ ಇಳಿಸುವ ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆ ಸ್ನೋರ್ರಿ ಗುಡಿಸಲಿಗೆ ಹಿಟ್ಟು, ಕಾಫಿ, ಸೀಮೆಎಣ್ಣೆ ಇಟ್ಟು ಬರುತ್ತೇನೆಂದು ಒಬ್ಬನೇ ಹೋದ. ಲಾಕಿ ಆ ವಾರ ಸೊಂಟ ಹಿಡಿದುಕೊಂಡು ಮಲಗಿದ್ದ. ಗುಪ್ಪೆ ಬಿಚ್ಚುವುದು ಬಾಕಿಯಿದೆ ಎಂಬುದು ನೆನಪಿತ್ತು, ಜನ ಹೋಗಲು ಇನ್ನೂ ಮೂರು ದಿನವಿದೆಯಲ್ಲ ಎಂದುಕೊಂಡಿದ್ದ. ತಮ್ಮ ಮುಂಚೆಯೇ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಮಂಜು ಇಳಿಯಿತು. ಸಂಜೆಯಾದರೂ ಸ್ನೋರ್ರಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಊರಿನ ರಕ್ಷಣಾ ತಂಡದ ಹದಿನೆಂಟು ಮಂದಿ ಹೊರಟರು. ಸೊಂಟದ ನೋವು ಎಲ್ಲಿ ಹೋಯಿತೋ, ಲಾಕಿ ಎಲ್ಲರಿಗಿಂತ ಮುಂದೆ. ಗುಡಿಸಲಲ್ಲಿ ಹಿಟ್ಟು, ಎಣ್ಣೆ ಇಟ್ಟದ್ದು ಇತ್ತು; ಸ್ನೋರ್ರಿ ಬಂದು ವಾಪಸು ಹೊರಟಿದ್ದಾನೆ. ಬೇರೆಯವರು ಸಾಲು ಹಿಡಿದು ಹುಡುಕುತ್ತಿದ್ದರೆ ಲಾಕಿಯ ಕಾಲು ತಾನಾಗಿ ಮರೈಕೆಯ ಗುಪ್ಪೆಯ ಕಡೆ ಎಳೆಯಿತು. ಮಂಜಿನಲ್ಲಿ ಗುಪ್ಪೆ ಕಂಡಿತು. ಅದರ ತಲೆಯ ಮೇಲೆ ಹೊಸದೊಂದು ಹರಳು.

ಹತ್ತಿರ ಹೋಗಿ ನೋಡಿದ. ತೋರುಗಲ್ಲಿನ ಕೆಳಗಿಂದ ಕರಿಮರಳಿನ ಮೇಲೆ ಬೂಟಿನ ಗುರುತುಗಳು, ಒಂದರ ಮುಂದೊಂದು, ಸಮ ಅಂತರದಲ್ಲಿ. ಎಡವಿದ್ದಿಲ್ಲ, ತಡಕಾಡಿದ್ದಿಲ್ಲ. ಎಂಬತ್ತು ಎಣಿಸಬೇಕೆಂದು ಹೊರಟವನ ಹೆಜ್ಜೆಗಳು. ಎಪ್ಪತ್ತಕ್ಕೆ ನಿಂತಿದ್ದವು.

ಸ್ನೋರ್ರಿಗೇನಾಯಿತೆಂದು ಲಾಕಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಂಜಿನಲ್ಲಿ ಸಾಲಿನಿಂದ ಸ್ವಲ್ಪ ಸರಿದಿದ್ದಾನೆ, ಎಂಥವರಿಗೂ ಆಗುವಂಥದ್ದು. ಕೈಗೆ ಕಲ್ಲು ಸಿಕ್ಕಿದೆ. ಪ್ರವಾಸಿಯ ಆಟದ ಗುಪ್ಪೆಯಾಗಿದ್ದರೆ ಮುಟ್ಟಿದೊಡನೆ ತಿಳಿಯುತ್ತಿತ್ತು. ಇದರ ಬುಡ ಅಗಲ, ಬೆಣೆ ಬಿಗಿ, ತೋರುಗಲ್ಲು ಎದೆಮಟ್ಟಕ್ಕೆ. ಅಣ್ಣನ ಕೈ ಎಂದು ಸ್ನೋರ್ರಿಯ ಕೈಗೆ ಗೊತ್ತಾಗಿದೆ. ಸದ್ಯ, ಬದುಕಿದೆ ಎಂದುಕೊಂಡಿರಬೇಕು. ಮರ್ಯಾದೆಗೊಂದು ಹರಳಿಟ್ಟು ಹೊರಟಿದ್ದಾನೆ. ಪರದೇಶದವನಾಗಿದ್ದರೆ ಜೇಬಿನಲ್ಲಿಟ್ಟ ದಾರಿ ತೋರಿಸುವ ಯಂತ್ರ ನೋಡಿಕೊಂಡು ಬದುಕುತ್ತಿದ್ದ. ಕಲ್ಲನ್ನು ನಂಬಿ ಸಾಯಬೇಕಾದರೆ ಅವನು ನಮ್ಮವನೇ ಆಗಿರಬೇಕು.

ಆಗ ಲಾಕಿ ಮಾಡಿದ್ದನ್ನು ನಾನು ಸಮರ್ಥಿಸಲಾರೆ. ಬೆನ್ನ ಹಿಂದೆ ಜನರ ಮಾತು ಕೇಳಿಸಿತು. ಅವನು ಎರಡೂ ಕೈಯಿಂದ ಗುಪ್ಪೆಯನ್ನು ಕೆಡವಿದ. ಕಲ್ಲುಗಳನ್ನು ಎತ್ತೆತ್ತಿ ಸುತ್ತ ಎಸೆದ. ಉಗುರು ಕಿತ್ತು ರಕ್ತ ಬಂತು. ಜನ ಬರುವಷ್ಟರಲ್ಲಿ ಅಲ್ಲಿ ಚೆಲ್ಲಾಪಿಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಅವನು ಕಮರಿಯ ಕಡೆ ಕೈ ತೋರಿಸಿ, "ಕೆಳಗೆ ನೋಡಿ," ಎಂದು ಕುಸಿದು ಕೂತ. ಹಗ್ಗ ಇಳಿಸಿ ಮಧ್ಯಾಹ್ನದ ಹೊತ್ತಿಗೆ ಸ್ನೋರ್ರಿಯ ಹೆಣ ಮೇಲಕ್ಕೆತ್ತಿದರು.

ಗುಪ್ಪೆ ಹೋಯಿತು, ಹೆಜ್ಜೆ ಉಳಿಯಿತು. ಹದಿನೆಂಟು ಮಂದಿ ಆ ಹೆಜ್ಜೆಗಳನ್ನು ನೋಡಿದ್ದರು. ದಾರಿಯಿಂದ ಅರವತ್ತು ಹೆಜ್ಜೆ ಆಚೆ, ಏನೂ ಇಲ್ಲದ ಜಾಗದಿಂದ, ನೆಟ್ಟಗೆ ಕಮರಿಗೆ ನಡೆದು ಹೋಗಿದ್ದಾನೆ. ದಾರಿ ತಪ್ಪಿದವನು ಹಾಗೆ ನಡೆಯುತ್ತಾನೆಯೇ? ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ, ಅಂಗಡಿಯ ಮೂಲೆಯಲ್ಲಿ ಪಿಸುಮಾತು ಹರಿದಾಡಿತು. ಬೇಕಂತಲೇ ಹೋದನಂತೆ. ನಗುವವರ ಹೊಟ್ಟೆಯೊಳಗೆ ಏನಿರುತ್ತದೋ ಯಾರಿಗೆ ಗೊತ್ತು. ಊರ ಬಾಯಿಗೆ ಬೀಗ ಹಾಕುವವರಾರು.

ಆ ಮಾತು ಲಾಕಿಯ ಕಿವಿಗೂ ಬಿತ್ತು. ಒಂದು ಮಾತು ಹೇಳಿದರೆ ತಮ್ಮನ ಹೆಸರು ಉಳಿಯುತ್ತದೆ, ತನಗೆ ಉಳಿದಿರುವ ಒಂದೇ ಮನೆಯ ಬಾಗಿಲು ಮುಚ್ಚುತ್ತದೆ. ಪ್ರತಿ ಭಾನುವಾರ ಹೇಳಿಬಿಡಬೇಕೆಂದೇ ಹೋಗುತ್ತಿದ್ದ. ರಾನ್‌ವೇಗ್ ಕಾಫಿ ಸುರಿಯುತ್ತಿದ್ದಳು, ಅವನು ಹವೆಯ ಮಾತಾಡಿ ಬರುತ್ತಿದ್ದ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಚಳಿಗಾಲ ಹೀಗೇ ಕಳೆಯಿತು. ಆಕೆ ಕ್ಲೇನಾ ಕರಿಯುವುದು ನಿಲ್ಲಿಸಿದ್ದಳು, ಅಂಗಡಿಯ ಬಿಸ್ಕತ್ತು ಇಡುತ್ತಿದ್ದಳು. ಮೈ ಇಳಿದು ಅರ್ಧವಾಗಿದ್ದಳು.

ಮೇ ತಿಂಗಳ ಒಂದು ಭಾನುವಾರ, ಕುರಿಗಳು ಮರಿ ಹಾಕುವ ಹೊತ್ತು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಪೆಟ್ಟಿಗೆಯಲ್ಲೊಂದು ತಬ್ಬಲಿ ಮರಿ. ರಾನ್‌ವೇಗ್ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತ, ತಲೆಯೆತ್ತದೆ ಹೇಳಿದಳು:

"ಲಾಕಿ, ನಿನಗೊಂದು ಮಾತು ಹೇಳ್ಬೇಕು. ಯಾರಿಗೂ ಹೇಳಿಲ್ಲ."

"ಹೇಳು."

"ಅವನು ಹೋದ ದಿನ ಬೆಳಿಗ್ಗೆ ಜಗಳ ಆಡಿದ್ವಿ. ಹಳೇ ಹುಲ್ಲಿನ ಕೊಟ್ಟಿಗೇನ ಪ್ರವಾಸಿಗಳಿಗೆ ಕೋಣೆ ಮಾಡೋಣ ಅಂದೆ. ಅವನು ಬೇಡ ಅಂದ. ಮಾತಿಗೆ ಮಾತು ಬೆಳೀತು. ಹೊರಡೋವಾಗ ಅಂದುಬಿಟ್ಟೆ, ಹೋಗು, ಮೇಲೇ ಇದ್ದುಬಿಡು, ವಾಪಸ್ ಬರ್ಬೇಡ ಅಂತ."

ಲಾಕಿ ಬಟ್ಟಲು ಕೆಳಗಿಟ್ಟ.

"ನೀನೇ ನೋಡಿದ್ಯಲ್ಲ ಆ ಹೆಜ್ಜೆಗಳನ್ನ. ನೆಟ್ಟಗೆ ಹೋಗಿದ್ದಾನೆ. ನನ್ನ ಮಾತು ಹೊತ್ಕೊಂಡು ಹೋದ. ಮೂವತ್ತೊಂದು ವರ್ಷ ಬಾಳಿ ಕೊನೇಗೆ ಅವನಿಗೆ ಕೊಟ್ಟಿದ್ದು ಅದು," ಎಂದಳು. ಅಳು ಅವಳಿಗೆ ಎಂದೋ ಬತ್ತಿಹೋಗಿತ್ತು. ಮರಿ ಬಾಟಲಿ ಬಿಟ್ಟು ಅರಚಿತು, ಮತ್ತೆ ಬಾಯಿಗಿಟ್ಟಳು.

ಎಂಟು ತಿಂಗಳು ಆಕೆ ಇದನ್ನು ಹೊತ್ತುಕೊಂಡು ತನ್ನೆದುರು ಕೂತಿದ್ದಾಳೆ, ತಾನು ಆಕೆಯೆದುರು ಕೂತು ಬಿಸ್ಕತ್ತು ತಿಂದಿದ್ದಾನೆ. ಲಾಕಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಅವನು ಬೇಕಂತ ಹೋಗ್ಲಿಲ್ಲ, ರಾನ್‌ವೇಗ್."

"ಸಮಾಧಾನ ಬೇಡ. ಪಾದ್ರಿನೂ ಹೇಳಿ ಆಯ್ತು."

"ಸಮಾಧಾನ ಅಲ್ಲ. ಅಲ್ಲೊಂದು ಗುಪ್ಪೆ ಇತ್ತು."

ಹೇಳಿದ. ಮರೈಕೆ, ತೋರುಗಲ್ಲು, ಆಗಸ್ಟಿನ ಕಾರ್ಡು, ಹರಳು, ಕೆಡವಿದ್ದು, ಒಂದೂ ಬಿಡದೆ ಹೇಳಿದ. ರಾನ್‌ವೇಗ್ ಕುತ್ತಿಗೆ ತಿರುಗಿಸದೆ ಕೇಳಿದಳು. ಬಾಟಲಿ ಬರಿದಾಗಿ ಮರಿ ಗಾಳಿ ಹೀರುತ್ತಿತ್ತು.

"ಹರಳು ಇಟ್ಟಿದ್ನಾ?" ಎಂದಳು.

"ಇಟ್ಟಿದ್ದ."

"ಹಾಗಾದ್ರೆ ಅವನು ಮನೆಗೆ ಬರ್ತಿದ್ದ."

"ಮನೆಗೇ ಬರ್ತಿದ್ದ."

ಆಗ ಆಕೆ ಅತ್ತಳು. ಮರಿಯ ಉಣ್ಣೆಗೆ ಮುಖ ಒತ್ತಿ, ಮೈಯೆಲ್ಲ ಅಲುಗುವಂತೆ ಅತ್ತಳು. ಲಾಕಿ ಎದ್ದು ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಟೋಪಿ ಹಿಡಿದು ನಿಂತ. ಬಹಳ ಹೊತ್ತಿನ ಮೇಲೆ ಆಕೆ ತೋಳಿನಿಂದ ಮುಖ ಒರೆಸಿಕೊಂಡು ಅವನನ್ನು ನೋಡಿದಳು.

"ಆ ಹೆಂಗಸಿಗೆ ಕಟ್ಟಿಕೊಟ್ಟೆ, ಅದು ನನಗೆ ಅರ್ಥ ಆಗತ್ತೆ. ಬಿಚ್ಚೋಕೆ ಮನಸ್ಸು ಬರ್ಲಿಲ್ಲ, ಅದೂ ಅರ್ಥ ಆಗತ್ತೆ. ನೀನಿರೋದೇ ಹಾಗೆ. ಆದ್ರೆ ಎಂಟು ತಿಂಗಳು ನಾನು ಕಾಫಿ ಹಾಕಿದೆ, ನೀನು ಕುಡಿದೆ. ಅದನ್ನ ಹೊಟ್ಟೆಗೆ ಹಾಕ್ಕೊಳ್ಳೋಕೆ ನನ್ನ ಕೈಲಾಗಲ್ಲ, ಲಾಕಿ. ಇನ್ನು ಬರ್ಬೇಡ."

ಅವನು ಹೋದ. ಆಮೇಲಿನ ಭಾನುವಾರಗಳಲ್ಲಿ ಅವನು ಹೊಳೆಯಾಚೆಯ ಮನೆಯಲ್ಲಿ ಒಬ್ಬನೇ ಕಾಫಿ ಕಾಸಿಕೊಂಡ.

ಸೆಪ್ಟೆಂಬರಿನಲ್ಲಿ ಕುರಿಗಳು ಇಳಿದವು. ಕಲ್ಲಿನ ದೊಡ್ಡ ದೊಡ್ಡಿಯಲ್ಲಿ ಊರಿಗೆ ಊರೇ ಸೇರಿ, ಕಿವಿಯ ಗುರುತು ನೋಡಿ, ಕೊಂಬು ಹಿಡಿದು ಅವರವರ ಕುರಿಯನ್ನು ಎಳೆದು ಬೇರ್ಪಡಿಸುವ ದಿನ. ಪ್ರವಾಸಿಗಳು ಗೋಡೆಯ ಮೇಲೆ ಸಾಲಾಗಿ ಕೂತು ಫೋಟೋ ತೆಗೆಯುತ್ತಿದ್ದರು. ಗಂಡನಿಲ್ಲದೆ ರಾನ್‌ವೇಗ್ ಮೊದಲ ಸಲ ಬಂದಿದ್ದಳು. ತೂರಿ ಯಾರೊಂದಿಗೋ, "ಪಾಪ, ಸ್ನೋರ್ರಿಗೆ ಏನು ಕಡಿಮೆಯಾಗಿತ್ತೋ, ಹಾಗೆ ಮಾಡ್ಕೊಂಡ," ಎಂದದ್ದು ಆಕೆಯ ಕಿವಿಗೆ ಬಿತ್ತು. ಆಕೆ ಹಿಡಿದಿದ್ದ ಕುರಿಯನ್ನು ಬಿಟ್ಟಳು.

"ತೂರಿ, ಎಲ್ರಿಗೂ ಕೇಳೋ ಹಾಗೆ ಹೇಳ್ತೀನಿ ಕೇಳು," ಎಂದಳು. "ಅಲ್ಲೊಂದು ಸುಳ್ಳು ಗುಪ್ಪೆ ಇತ್ತು. ಅದನ್ನ ನಂಬಿ ನನ್ನ ಗಂಡ ಕಮರಿಗೆ ಬಿದ್ದ. ಮನೆಗೆ ಬರ್ತಿದ್ದ ಅವನು. ಇನ್ನೊಂದ್ಸಲ ಬೇರೆ ಮಾತು ನನ್ನ ಕಿವಿಗೆ ಬೀಳ್ಬಾರ್ದು."

"ಸುಳ್ಳು ಗುಪ್ಪೇನಾ? ಯಾರು ಕಟ್ಟಿದ್ದು?"

ರಾನ್‌ವೇಗ್ ಲಾಕಿಯ ಕಡೆ ನೋಡಲಿಲ್ಲ. "ಯಾರೋ ಬಂದು ಹೋದವ್ರು," ಎಂದಳು.

ದೊಡ್ಡಿಯಲ್ಲಿ ಗುಜುಗುಜು ಎದ್ದಿತು. ಗೋಡೆಯ ಮೇಲಿನ ಪ್ರವಾಸಿಗಳ ಕಡೆ ಜನ ಕೆಂಗಣ್ಣು ಬಿಟ್ಟರು. ತೂರಿ ಬಂದು ಲಾಕಿಯ ಹೆಗಲ ಮೇಲೆ ಕೈಯಿಟ್ಟ. "ನೀನು ಬಾಯಿ ಬಡ್ಕೊಳ್ತಾನೇ ಇದ್ದೆ, ಲಾಕಿ. ನಾವೇ ಕೇಳ್ಲಿಲ್ಲ."

ಲಾಕಿಯ ಮೊಣಕಾಲುಗಳ ನಡುವೆ ಒಂದು ಕುರಿ ಒದ್ದಾಡುತ್ತಿತ್ತು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆ ಬಾಗಿಲು ಮುಚ್ಚಿದ್ದರೂ ಅವನ ಮಾನ ಕಾಯ್ದಿದ್ದಳು. ಆದರೆ ಆ ಮಾತಿನಲ್ಲಿ ಒಂದನ್ನು ಅವನಿಂದ ಸಹಿಸಲಾಗಲಿಲ್ಲ. ಆಟದ ಗುಪ್ಪೆ ಯಾವುದು, ದಾರಿಗುಪ್ಪೆ ಯಾವುದು ಎಂದು ತಿಳಿಯದೆ ಸತ್ತ ಎಂದು ಜನ ಸ್ನೋರ್ರಿಯ ಬಗ್ಗೆ ತಿಳಿಯುತ್ತಾರೆ. ಕಣ್ಣು ಕಟ್ಟಿಕೊಂಡು ನೂರ ಹನ್ನೆರಡನ್ನೂ ದಾಟಿದವನ ಬಗ್ಗೆ.

"ಆಟದ ಗುಪ್ಪೆಯಾಗಿದ್ರೆ ಸ್ನೋರ್ರಿ ನಂಬ್ತಿರ್ಲಿಲ್ಲ," ಎಂದ ಲಾಕಿ. "ಅವನ ಕೈಗೆ ಗೊತ್ತಾಗ್ತಿತ್ತು. ಅದನ್ನ ಕಟ್ಟಿದ್ದು ನಾನು. ಕೆಡವಿದ್ದೂ ನಾನೇ, ನೀವು ಬರೋ ಮುಂಚೆ."

ತೂರಿಯ ಕೈ ಹೆಗಲಿಂದ ಜಾರಿತು. ಯಾರೂ ಬೈಯಲಿಲ್ಲ. ನಮ್ಮವರಿಗೆ ಬೈಯಲೂ ಬರುವುದಿಲ್ಲ, ಅಪ್ಪಿಕೊಳ್ಳಲೂ ಬರುವುದಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ರಾನ್‌ವೇಗ್ ಒಂದು ಸಲ ಅವನನ್ನು ನೆಟ್ಟಗೆ ನೋಡಿದಳು. ಅವನು ಕುರಿಯನ್ನು ಅದರ ದೊಡ್ಡಿಗೆ ಬಿಟ್ಟು, ಗೇಟು ಹಾಕಿ, ಮನೆಗೆ ನಡೆದ.

ಲಾಕಿ ಇನ್ನೂ ಒಂಬತ್ತು ವರ್ಷ ಬದುಕಿದ. ಪ್ರತಿ ಬೇಸಿಗೆ ಬಯಲಿಗೆ ಹೋಗಿ ನೂರ ಹನ್ನೆರಡು ಗುಪ್ಪೆಗಳ ಬೆಣೆ ಬಿಗಿ ಮಾಡುತ್ತಿದ್ದ, ಬಿದ್ದದ್ದನ್ನು ಎತ್ತಿ ಕಟ್ಟುತ್ತಿದ್ದ. ಕೈ ಮೊದಲಿಗಿಂತ ಪಳಗಿತ್ತು. ಒಂದು ಕಲ್ಲೂ ಅಲುಗುತ್ತಿರಲಿಲ್ಲ. ಪ್ರವಾಸಿಗಳು ಮೆಚ್ಚಿ ಫೋಟೋ ತೆಗೆಯುತ್ತಿದ್ದರು. ನಮ್ಮವರು ಮಾತ್ರ ಆ ಸೆಪ್ಟೆಂಬರಿನ ನಂತರ ಬಯಲಿಗೆ ಹೋಗುವಾಗ ದಾರಿ ತೋರಿಸುವ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗತೊಡಗಿದರು. ನಾನೂ ಒಂದು ಕೊಂಡೆ. ಲಾಕಿಗೆ ಅದು ಗೊತ್ತಿತ್ತು, ಒಂದು ದಿನವೂ ಅವನು ಆ ಮಾತೆತ್ತಲಿಲ್ಲ.